ಅಳತೆ ಸಾಹೇಬರ ಶಸ್ತ್ರತ್ಯಾಗ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೇಳು ವರ್ಷ ಇನ್‌ಸ್ಪೆಕ್ಟರಾಗಿ ಸವೆದ ಆ ಮನುಷ್ಯನಿಗೆ ಗೆಳೆಯರು ಕೊಟ್ಟ ಬಿರುದು ‘ಅಳತೆ ಸಾಹೇಬ’. ಅದೇನು ಪುಕ್ಕಟೆ ಬಂದ ಬಿರುದಲ್ಲ. ಅವರ ಹೆಜ್ಜೆಸಪ್ಪಳ ಕೇಳಿದರೆ ಸಾಕು, ಬೀದಿಯ ತಕ್ಕಡಿಗಳೆಲ್ಲ ತಾವಾಗಿ ನೆಟ್ಟಗಾಗುತ್ತಿದ್ದವು. ಮಗಳು ಹುಟ್ಟಿದ ದಿನ ಆಸ್ಪತ್ರೆಯ ತಕ್ಕಡಿ ನಲವತ್ತು ಗ್ರಾಂ ಸುಳ್ಳು ಹೇಳುತ್ತಿದೆಯೆಂದು ಪತ್ತೆ ಹಚ್ಚಿ, ಕಚೇರಿಯಿಂದ ಮಖಮಲ್ಲಿನ ಪೆಟ್ಟಿಗೆಯಲ್ಲಿದ್ದ ಹಿತ್ತಾಳೆಯ ತೂಕಗಳನ್ನು ತರಿಸಿ, ಕೂಸನ್ನು ಮತ್ತೊಮ್ಮೆ ತೂಗಿಸಿದ್ದರು. ಅವರ ಹೆಂಡತಿ ಅದನ್ನಿನ್ನೂ ಹೊಟ್ಟೆಗೆ ಹಾಕಿಕೊಂಡಿಲ್ಲ.

ಗೆಳೆಯರು ಮೂವರು: ಶಾಲೆಯಿಂದಲೂ ಜೊತೆಗಿದ್ದ ಕ್ಷೌರಿಕ, ಕಾರು ಓಡಿಸಲು ಕಲಿಸುವ ಮೇಷ್ಟ್ರು, ಪರದೆ ಬಟ್ಟೆ ಮಾರುವ ಭಾವಮೈದ. ಈ ಮೂವರೂ ಕಳೆದ ಮೂರು ಶನಿವಾರ ಸಾಹೇಬರನ್ನು ಬಿಟ್ಟು ಊಟಕ್ಕೆ ಹೋಗಿದ್ದರು. ಅದಕ್ಕೂ ಹಿಂದಿನ ಶನಿವಾರ ಸಾಹೇಬರು ನಾಲ್ಕು ಬಟ್ಟಲು ಸೂಪನ್ನು ಅಳೆದು ಮುಗಿಸುವಷ್ಟರಲ್ಲಿ ಸೂಪು ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು.

ಮೂರು ಶನಿವಾರ ಮನೆಯಲ್ಲೇ ಕೂತ ಸಾಹೇಬರು, ಗೋಡೆ ಗಡಿಯಾರ ಗಂಟೆಗೆಷ್ಟು ಸೆಕೆಂಡು ಹಿಂದೆ ಬೀಳುತ್ತದೆಂದು ಒಂದು ಚೀಟಿಯಲ್ಲಿ ಬರೆದಿಟ್ಟರು. ಓದಿ ತೋರಿಸಲು ಯಾರೂ ಇರಲಿಲ್ಲ. ಹಾಗಾಗಿ ಕ್ಷೌರಿಕ ಅವರ ಗಡ್ಡ ಹೆರೆಯುತ್ತಾ ಷರತ್ತು ಹಾಕಿದಾಗ, ಕತ್ತಿ ಗಂಟಲ ಮೇಲಿದ್ದುದರಿಂದಲೋ ಏನೋ, ಮರುಮಾತಾಡದೆ ಒಪ್ಪಿದರು.

“ಹೊಸ ಬಿಯರ್ ಬಾರ್ ತೆಗ್ದಿದಾರೆ, ಅಲ್ಲೇ ತಯಾರ್ ಮಾಡಿ ಅಲ್ಲೇ ಕೊಡ್ತಾರಂತೆ. ನೀನೂ ಬಾ. ಆದ್ರೆ ಏನನ್ನಾದ್ರೂ ಅಳೆದ್ಯೋ, ಮುಂದಕ್ಕೆ ಪ್ರತಿ ಶನಿವಾರ ನಿಂಗೆ ಹೆಂಡ್ತೀನೇ ಗತಿ.”

ಬಾರಿನ ಬಾಗಿಲಲ್ಲೇ ಶಸ್ತ್ರತ್ಯಾಗ ನಡೆಯಿತು. ಕ್ಷೌರಿಕ ಸಾಹೇಬರ ಜೇಬು ತಡಕಿ ಒಂದು ಟೇಪು, ಒಂದು ಬೆರಳುದ್ದದ ಸ್ಕೇಲು, ಕಾಲುಚೀಲದೊಳಗಿಂದ ನೂರು ಮಿಲಿಲೀಟರಿನ ಗಾಜಿನ ಅಳತೆ ಕೊಳವೆ ಹೊರತೆಗೆದ.

“ಕಾಲುಚೀಲದಲ್ಲಾ? ನಾಚಿಕೆ ಆಗಲ್ವೇನೋ?”

“ಅಭ್ಯಾಸ,” ಎಂದರು ಸಾಹೇಬರು, ಯುದ್ಧ ಸೋತ ಸೇನಾಪತಿಯ ಗಾಂಭೀರ್ಯದಲ್ಲಿ. ಆಯುಧಗಳೆಲ್ಲ ಕೌಂಟರಿನ ಹುಡುಗಿಯ ವಶಕ್ಕೆ ಹೋದವು.

ಒಳಗೆ ಗಾಜಿನ ಗೋಡೆಯಾಚೆ ಹೊಟ್ಟೆ ಬಿಟ್ಟುಕೊಂಡ ತಾಮ್ರದ ಹಂಡೆಗಳು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆರು ಬಗೆಯ ಬಿಯರು. ಮೊದಲ ಸುತ್ತು ಬಂತು, ಜೊತೆಗೆ ಕರಿದ ಆಲೂಗಡ್ಡೆ. ಲೋಟಗಳ ಮೇಲೆ ಅರ್ಧ ಲೀಟರಿಗೊಂದು ಗೆರೆ, ಗೆರೆಯ ಸುತ್ತಮುತ್ತ ನೊರೆ. ನೊರೆ ಇಳಿದರೆ ಬಿಯರು ಗೆರೆಗಿಂತ ಮೇಲೆ ನಿಲ್ಲುತ್ತದೋ ಕೆಳಗೋ? ಸಾಹೇಬರ ಕೈ ಕಡಿಯತೊಡಗಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು. ಗೆಳೆಯರು ಇಲಿಬಿಲದ ಮುಂದಿನ ಬೆಕ್ಕುಗಳಂತೆ ಅವರನ್ನೇ ನೋಡುತ್ತಿದ್ದರು.

ಸಾಹೇಬರು ಬೇಕಾದಾಗ ಒಂದು ಕೈ ಮಾತ್ರ ಹೊರತೆಗೆದು, ಕಣ್ಣು ಮುಚ್ಚಿ, ಕುಡಿದರು.

ಐದು ನಿಮಿಷ ಕಳೆಯಿತು. ಮೇಷ್ಟ್ರು ಒಬ್ಬ ಶಿಷ್ಯ ಕಂಬಕ್ಕೆ ಗುದ್ದಿದ ಕಥೆ ಹೇಳಿದ. ಯಾರೂ ನಗಲಿಲ್ಲ. ಭಾವಮೈದ ಆಲೂಗಡ್ಡೆ ಚೆನ್ನಾಗಿದೆ ಎಂದ. ಎಲ್ಲರೂ ಹೌದೆಂದರು. ಇಷ್ಟು ವರ್ಷ ತಮ್ಮ ಶನಿವಾರದ ಮಾತೆಲ್ಲ ಸಾಹೇಬರು ಅಳೆಯುವುದು, ಉಳಿದವರು ಉಗಿಯುವುದು, ಇಷ್ಟೇ ಆಗಿತ್ತೆಂಬುದು ಆಗ ಮೂವರಿಗೂ ಒಟ್ಟಿಗೇ ಹೊಳೆಯಿತು.

ಎರಡನೇ ಸುತ್ತು ಬಂದಾಗ ಭಾವಮೈದ ತಡೆಯಲಾರದೆ ಕೇಳಿದ. “ಭಾವ, ನನ್ ಲೋಟದಲ್ಲಿ ಕಮ್ಮಿ ಇದ್ಯಾ?”

“ನಂಗೇನು ಗೊತ್ತು? ನಾನು ರಜೆಯಲ್ಲಿದೀನಿ.”

“ಸುಮ್ನೆ ಅಂದಾಜು ಹೇಳೋ,” ಎಂದ ಮೇಷ್ಟ್ರು.

“ಅಂದಾಜು ಹೇಳೋಕೆ ನಾನೇನು ಜ್ಯೋತಿಷಿನಾ? ಮಾತು ಕೊಟ್ಟಿದೀನಪ್ಪ.”

ಕ್ಷೌರಿಕ ಲೋಟವನ್ನು ದುರುಗುಟ್ಟಿ ನೋಡಿದ. ಸಾಹೇಬರನ್ನೂ ನೋಡಿದ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದವನು ಕೌಂಟರಿಗೆ ಹೋಗಿ ಗಾಜಿನ ಕೊಳವೆಯನ್ನು ತಂದು ಮೇಜಿನ ಮೇಲಿಟ್ಟ. “ಅಳೆ, ಮಾರಾಯ! ನೀನು ಸುಮ್ನೆ ಕೂತ್ರೆ ಯಾರೋ ಸತ್ತ ಮನೇಲಿ ಕೂತಂಗಿದೆ.”

ಸಾಹೇಬರು ತೋಳು ಮಡಚಿದರು. “ನೊರೆ ಇಳೀಲಿ.”

ಏಳು ನಿಮಿಷ ಯಾರೂ ಲೋಟ ಮುಟ್ಟಲಿಲ್ಲ. ಅಕ್ಕಪಕ್ಕದ ಮೇಜಿನವರೂ ಕುಡಿಯುವುದನ್ನು ನಿಲ್ಲಿಸಿದರು. ಬಿಯರು ತಯಾರಿಸುವವನು ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಮೇಜಿನ ಪಕ್ಕ ನಿಂತ. ಸಾಹೇಬರು ಕ್ಷೌರಿಕನ ಲೋಟದಿಂದ ಕೊಳವೆಗೆ, ಕೊಳವೆಯಿಂದ ಖಾಲಿ ಜಗ್ಗಿಗೆ, ಒಂದು ಹನಿಯೂ ಚೆಲ್ಲದಂತೆ ಐದು ಸಲ ಸುರಿದರು. ಲೋಟದಲ್ಲಿ ಇನ್ನೂ ಉಳಿದಿತ್ತು. ಅದನ್ನೂ ಅಳೆದರು.

“ಐನೂರ ಮೂವತ್ತು.”

“ಹೆಚ್ಚಾ?” ಎಂದು ಬಿಯರಿನವನು ಹೋದ ಜೀವ ಬಂದವನಂತೆ ನಕ್ಕ.

“ಹೆಚ್ಚು ಕೊಟ್ರೆ ಅಪರಾಧ ಅಲ್ಲ. ಆದ್ರೆ ತಪ್ಪಳತೆ ತಪ್ಪಳತೇನೇ. ಸರಿಪಡಿಸಬೇಕಾಗುತ್ತೆ.” ಸಾಹೇಬರು ಜಗ್ಗಿನಲ್ಲಿದ್ದುದನ್ನು ಕ್ಷೌರಿಕನ ಲೋಟಕ್ಕೆ ವಾಪಸು ಸುರಿದು, ಕೊಳವೆಯಲ್ಲಿದ್ದ ಮೂವತ್ತನ್ನು ತಾವು ಕುಡಿದರು. ಮೇಷ್ಟ್ರ ಲೋಟದಲ್ಲೂ ಅಷ್ಟೇ ಹೆಚ್ಚು, ಭಾವಮೈದನದರಲ್ಲೂ ಅಷ್ಟೇ. ಮೂವತ್ತು ಮೂರಲ ತೊಂಬತ್ತು ಎಂದು ಮಗ್ಗಿ ಹೇಳಿ ಬಾಯಿ ಒರೆಸಿಕೊಂಡರು.

“ಕಳ್ಳ ನನ್ಮಗ! ನಮ್ದೆಲ್ಲ ನೊರೆ ಹೋಗಿ ಕಷಾಯ ಆಯ್ತು!” ಕ್ಷೌರಿಕ ಅರಚಿದ. ಮೇಷ್ಟ್ರು ನಕ್ಕು ನಕ್ಕು ಕೆಮ್ಮುತ್ತಾ ಕೇಳಿದ. “ನಿನ್ ಲೋಟ ಅಳೆಯಲ್ವಾ?”

“ಅದು ನನ್ನ ಸ್ವಂತದ್ದು. ನಮ್ಮ ಕೇಸು ನಾವೇ ವಿಚಾರಿಸೋ ಹಾಗಿಲ್ಲ, ನಿಯಮ.” ಸಾಹೇಬರು ತಮ್ಮ ಐನೂರ ಮೂವತ್ತನ್ನು ಎತ್ತಿಕೊಂಡರು.

“ಬರೋ ಶನಿವಾರ ಸರಿಯಾಗಿ ಐದು ಗಂಟೆಗೆ, ಇಲ್ಲೇ,” ಎಂದ ಕ್ಷೌರಿಕ, ಕೊಳವೆಯನ್ನು ಸಾಹೇಬರ ಕಾಲುಚೀಲಕ್ಕೆ ತಾನೇ ಸಿಕ್ಕಿಸುತ್ತಾ. “ತಡ ಮಾಡ್ಬೇಡ.”

“ಯಾರ ಗಡಿಯಾರದಲ್ಲಿ ಐದು?” ಎಂದರು ಸಾಹೇಬರು, ಜೇಬಿನಿಂದ ಒಂದು ಚೀಟಿ ತೆಗೆಯುತ್ತಾ.