ಜಯಮ್ಮನಿಗೆ ಕಾಣದ ಮೂರು ಎಸೆತ

ಕಳೆದ ಶನಿವಾರ ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ನನ್ನ ಭಾವಮೈದುನ ಸತೀಶನ ಮುಖ ನಮ್ಮ ಮನೆ ಟಿವಿಯ ತುಂಬ ಬಂದು ಕೂತಿತು. ಊಟಿಯಲ್ಲಿ ತೆಗೆಸಿಕೊಂಡ ಫೋಟೊ. ಕಪ್ಪು ಕನ್ನಡಕ, ಕೈಯಲ್ಲಿ ಸುಟ್ಟ ಜೋಳ. ನಲವತ್ಮೂರು ಇಂಚಿನ ಪರದೆಯಲ್ಲಿ ಅವನ ಹಲ್ಲಿಗೆ ಸಿಕ್ಕಿಕೊಂಡಿದ್ದ ಜೋಳದ ಸಿಪ್ಪೆಯೂ ಕಾಣುತ್ತಿತ್ತು.

ಆ ಹೊತ್ತಿಗೆ ಆ ಪರದೆಯ ಮೇಲೆ ಇರಬೇಕಾಗಿದ್ದವನು ಭರತ.

ಭರತ ಅಂದರೆ ಮಲ್ಲೇಶ್ವರದ ನಮ್ಮ ಕ್ರಾಸಿನ ಹುಡುಗ. ಎದುರು ಮನೆಯ ಹಿಂದಿರುವ ಎರಡು ರೂಮಿನಲ್ಲಿ ತಾಯಿಯ ಜೊತೆ ಇದ್ದಾನೆ. ವಯಸ್ಸು ಹತ್ತೊಂಬತ್ತು. ದೂರದ ದೇಶವೊಂದರಲ್ಲಿ ನಡೆಯುತ್ತಿದ್ದ ಅಂತಾರಾಷ್ಟ್ರೀಯ ಜೂನಿಯರ್ ಅಥ್ಲೆಟಿಕ್ಸ್‌ನಲ್ಲಿ ಗಂಡಸರ ಶಾಟ್‌ಪುಟ್ ಫೈನಲ್ ತಲುಪಿದ್ದ. ಜೂನಿಯರ್ ಅಂತ ಹಗುರವಾಗಿ ಎಣಿಸಬೇಡಿ. ಗುಂಡಿನ ತೂಕ ಆರು ಕೆಜಿ. ಐದು ಕೆಜಿ ಗೋಧಿಹಿಟ್ಟಿನ ಪ್ಯಾಕೆಟ್ಟನ್ನು ಗೇಟಿನಿಂದ ಅಡುಗೆಮನೆಗೆ ತರುವಷ್ಟರಲ್ಲಿ ನಾನು ಒಮ್ಮೆ ಕೆಳಗಿಟ್ಟು ಸುಧಾರಿಸಿಕೊಳ್ಳುತ್ತೇನೆ.

ಅವನ ತಾಯಿ ಜಯಮ್ಮ ಹೋಳಿಗೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಆರಕ್ಕೆ ಕಾವಲಿ ಮುಂದೆ ನಿಂತರೆ ಮಧ್ಯಾಹ್ನ ಮೂರರವರೆಗೆ ಅಲ್ಲೇ. ಊರಿನಲ್ಲಿ ಶಾಟ್‌ಪುಟ್ ಸ್ಪರ್ಧೆಗಳೆಲ್ಲ ನಡೆಯುವುದೂ ಬೆಳಗಿನ ಹೊತ್ತೇ. ಹಾಗಾಗಿ ಮಗ ಗೆದ್ದ ಮೆಡಲುಗಳನ್ನು ಒರೆಸಿಟ್ಟಿದ್ದಾರೆಯೇ ಹೊರತು ಅವನು ಎಸೆಯುವುದನ್ನು ಒಮ್ಮೆಯೂ ನೋಡಿಲ್ಲ. ಫೋನಿನಲ್ಲಿ ವಿಡಿಯೊ ತೋರಿಸುತ್ತಾನಂತೆ. ಆಕೆಗೆ ಅದು ಸಾಲದು.

"ಅದು ಆಗ್ಹೋಗಿರೋದಲ್ವಾ ಸಾರ್? ಅವ್ನು ಎಸೆಯೋ ಹೊತ್ಗೇ ನಾನೂ ನೋಡ್ತಿರ್ಬೇಕು ಅಂತ ಆಸೆ. ನಿಮ್ಮನೇಲಿ ದೊಡ್ಡ ಟಿವಿ ಇದೆಯಲ್ಲ, ಅರ್ಧ ಗಂಟೆ ಬಂದು ನೋಡ್ಕೊಂಡು ಹೋಗ್ಲಾ?" ಎಂದು ಕೇಳಿದರು. ಅಂಗಡಿಯಲ್ಲಿ ಅರ್ಧ ದಿನ ರಜೆಯನ್ನೂ ಕೇಳಿಕೊಂಡು ಬಂದಿದ್ದರು.

"ಬನ್ನಿ ಜಯಮ್ಮ, ಅದಕ್ಕೇನಂತೆ" ಎಂದೆ. ಅಷ್ಟಕ್ಕೆ ನಿಲ್ಲಿಸಿದೆನಾ? ಇಲ್ಲ. ನನ್ನ ಬಾಯಿ, ಅದಕ್ಕಿಂತ ಹೆಚ್ಚಾಗಿ ನನ್ನ ಹೆಬ್ಬೆರಳು, ಸುಮ್ಮನಿರುವ ಜಾತಿಯದಲ್ಲ. ನಾಲ್ಕು ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದೆ. 'ನಮ್ಮ ಹುಡುಗ ಇಂಟರ್‌ನ್ಯಾಷನಲ್ ಫೈನಲ್‌ನಲ್ಲಿ! ಶನಿವಾರ ಎರಡೂವರೆಗೆ, ತಪ್ಪದೆ ನೋಡಿ.' ಕೊನೆಗೆ ಮೂರು ಬಾವುಟ, ಎರಡು ಬೈಸೆಪ್ಸು.

ಎರಡೂವರೆಗೆ ನಮ್ಮ ಹಾಲಿನಲ್ಲಿ ಹನ್ನೊಂದು ಜನ. ಜಯಮ್ಮ ಒಂದು ಡಬ್ಬಿ ಹೋಳಿಗೆ ತಂದಿದ್ದರು. ಸೋಫಾದ ಮೇಲೆ ಕೂರಿ ಅಂದರೂ ಕೇಳದೆ ಟಿವಿಗೆ ತೀರಾ ಹತ್ತಿರ, ನೆಲದ ಮೇಲೆ ಕೂತರು. ಸೋಫಾ ತುಂಬ ನಮ್ಮ ಕ್ರಾಸಿನ ನಿವಾಸಿಗಳ ಅಸೋಸಿಯೇಷನ್ನಿನ ಪದಾಧಿಕಾರಿಗಳು. ಮಧ್ಯದಲ್ಲಿ ಪಕ್ಕದ ಮನೆಯ ಗೋಪಾಲರಾಯರು. ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರಾದವರು. "ಶಾಟ್‌ಪುಟ್‌ನಲ್ಲಿ ಬಲ ಒಂದೇ ಇದ್ರೆ ಸಾಲ್ದು ಕಣ್ರೀ, ಟೆಕ್ನಿಕ್ ಬೇಕು" ಎಂದು ಶುರುಮಾಡಿದರು. (ರಾಯರು ಈವರೆಗೆ ಎಸೆದಿರುವ ಅತಿ ಭಾರದ ವಸ್ತು ಹಳೇ ಪೇಪರಿನ ಕಟ್ಟು.)

ಟಿವಿ ಚಾನೆಲ್ಲುಗಳಲ್ಲಿ ಈ ಸ್ಪರ್ಧೆ ಇರಲಿಲ್ಲ. ಯಾಕಿರುತ್ತದೆ ಹೇಳಿ? ಹಳೆಯ ಕ್ರಿಕೆಟ್ ಮ್ಯಾಚಿನ ಮರುಪ್ರಸಾರ ಇತ್ತಲ್ಲ. ಹಾಗಾಗಿ ನನ್ನ ಫೋನಿನಲ್ಲಿ ವೆಬ್‌ಸೈಟ್ ತೆರೆದು, ಅದೇ ಸ್ಕ್ರೀನ್ ಟಿವಿಯಲ್ಲಿ ಕಾಣುವಂತೆ ಮಾಡಿದ್ದೆ. ಎಲ್ಲರೂ ಮೆಚ್ಚಿದರು. ನಾನು ಉಬ್ಬಿದೆ.

ಫೈನಲ್‌ನಲ್ಲಿ ಹನ್ನೆರಡು ಜನ. ಒಬ್ಬೊಬ್ಬರಿಗೆ ಮೂರು ಎಸೆತ. ಆಮೇಲೆ ಮೊದಲ ಎಂಟು ಜನಕ್ಕೆ ಮಾತ್ರ ಇನ್ನೂ ಮೂರು. ಭರತನ ಸರದಿ ಬಂತು. ವೃತ್ತದೊಳಗೆ ಕಾಲಿಟ್ಟ. ಗುಂಡನ್ನು ಕತ್ತಿಗೆ ಒತ್ತಿಕೊಂಡ. ಜಯಮ್ಮ ಕೈಮುಗಿದರು. ಪರದೆ ಬದಲಾಯಿತು. ಯಾರೋ ಎಂಟು ಜನ ಹುಡುಗಿಯರು ಹರ್ಡಲ್ಸ್ ಓಟಕ್ಕೆ ಬಗ್ಗಿ ನಿಂತಿದ್ದರು.

"ಇವ್ರು ಯಾರು ಸಾರ್?" ಎಂದರು ಜಯಮ್ಮ.

ಏನು ಹೇಳಲಿ? ಕ್ಯಾಮೆರಾದವನಿಗೆ ಎರಡು ಸೆಕೆಂಡ್ ತಾಳ್ಮೆ ಇರಲಿಲ್ಲ. ಎರಡೇ ಸೆಕೆಂಡ್! ಮತ್ತೆ ಭರತನನ್ನು ತೋರಿಸಿದಾಗ ಅವನು ಜಾಕೆಟ್ ಹಾಕಿಕೊಂಡು ನೀರು ಕುಡಿಯುತ್ತಿದ್ದ. ಹೆಸರಿನ ಮುಂದೆ ಹದಿನೆಂಟು ಮೀಟರ್ ಚಿಲ್ಲರೆ ಅಂತಿತ್ತು.

ಎರಡನೇ ಎಸೆತದ ಕಥೆ ಇನ್ನೂ ಚೆಂದ. ಮೂರು ಸಾವಿರ ಮೀಟರ್ ಓಟ ಶುರುವಾಯಿತು. ಸುತ್ತಿನ ಮೇಲೆ ಸುತ್ತು. ಗೆದ್ದವನ ಸಂದರ್ಶನ. ಅವನ ಕೋಚಿನ ಸಂದರ್ಶನ. ಕೋಚ್ ಅತ್ತ. ಅದೆಲ್ಲ ಮುಗಿಯುವಷ್ಟರಲ್ಲಿ ಭರತನ ಎರಡನೇ ಎಸೆತವೂ ಮುಗಿದು ಅವನು ಒಂಬತ್ತನೇ ಸ್ಥಾನದಲ್ಲಿದ್ದ. ಶಾಟ್‌ಪುಟ್‌ನವರು ಓಡುವುದಿಲ್ಲ ಎಂಬುದೇ ಇವರ ಮೇಲಿನ ದೂರಾ? ನಾನು ಟಿವಿಗೆ ಬೈದೆ. ರಾಯರು ದೇಶಕ್ಕೆ ಬೈದರು. ಉಳಿದವರು ಹೋಳಿಗೆ ತಿಂದರು.

ಇನ್ನೊಂದೇ ಎಸೆತ. ಎಂಟರೊಳಗೆ ಬರದಿದ್ದರೆ ಮನೆಗೆ. ಈ ಸಲ ಕ್ಯಾಮೆರಾದವನಿಗೆ ಏನನ್ನಿಸಿತೋ, ಭರತನ ಮುಖವನ್ನೇ ಹಿಡಿದು ನಿಂತ. ಹುಡುಗ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡ. ವೃತ್ತದೊಳಗೆ ಬಂದ. ಗುಂಡು ಕತ್ತಿಗೆ ಬಂತು, ಮೊಣಕಾಲು ಬಗ್ಗಿತು. ಜಯಮ್ಮ ಮಂಡಿಯ ಮೇಲೆ ಎದ್ದು ನಿಂತರು.

ಆಗ ಬಂದವನೇ ಸತೀಶ. ಊಟಿ, ಕನ್ನಡಕ, ಜೋಳ. ಜೊತೆಗೆ ರಿಂಗ್‌ಟೋನು.

ಕಟ್ ಮಾಡಿದೆ. ಸಿಗ್ನಲ್ ಹೋಯಿತು ಅಂದುಕೊಂಡ ಪುಣ್ಯಾತ್ಮ ತಕ್ಷಣ ಇನ್ನೊಮ್ಮೆ ಮಾಡಿದ. ಗಡಿಬಿಡಿಯಲ್ಲಿ ಬೆರಳು ಹಸಿರು ಗುಂಡಿಗೆ ತಗುಲಿ ಅವನ ದನಿ ಹಾಲಿಗೆಲ್ಲ ಕೇಳಿತು. "ಭಾವ, ಶುರುವಾಯ್ತಾ? ನಾನು ಯಾವ ಚಾನೆಲ್ ಹಾಕ್ಲಿ?"

ಫೋನ್ ಇಟ್ಟಾಗ ಪರದೆಯ ಮೇಲೆ ಒಬ್ಬ ಅಧಿಕಾರಿ ಕೆಂಪು ಬಾವುಟ ಎತ್ತಿ ಹಿಡಿದಿದ್ದ. ಭರತ ತಲೆ ತಗ್ಗಿಸಿಕೊಂಡು ವೃತ್ತದಿಂದ ಹೊರಗೆ ನಡೆಯುತ್ತಿದ್ದ. ಫೌಲ್. ಒಂಬತ್ತನೇ ಸ್ಥಾನ.

"ಎಸೆದ್ನಾ ಸಾರ್?" ಎಂದು ಜಯಮ್ಮ ನನ್ನನ್ನು ಕೇಳಿದರು.

"ಹೂಂ ಜಯಮ್ಮ. ಕಾಲು ವೃತ್ತದ ಪಟ್ಟಿ ದಾಟ್ತು ಅನ್ಸುತ್ತೆ."

ಅದನ್ನೂ ನಾನು ನೋಡಿರಲಿಲ್ಲ. ನನಗೆ ಸತೀಶನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ ಅವನ ನಂಬರನ್ನೇ ಅಳಿಸಬೇಕು ಅನ್ನಿಸಿತು. ಆದರೆ ಅವನಿಗೆ ಎರಡೂವರೆ ಅಂತ ಹೇಳಿದವರು ಯಾರು? ತಪ್ಪದೆ ನೋಡಿ ಅಂದವರು ಯಾರು? ಆ ಮೆಸೇಜಿನಲ್ಲಿದ್ದ 'ನಮ್ಮ ಹುಡುಗ'ನ ಜೊತೆ ನಾನು ಆವತ್ತಿನವರೆಗೆ ಹತ್ತು ಮಾತು ಆಡಿದ್ದರೆ ಹೆಚ್ಚು. ಹೆಂಡತಿ ಸುಧಾ ಅಡುಗೆಮನೆಯಲ್ಲಿ ಮೆತ್ತಗೆ ಹೇಳಿದಳು, "ಆ ಫೋನ್ ಸೈಲೆಂಟಲ್ಲಿ ಇಡೋಕೆ ಏನಾಗಿತ್ರೀ ನಿಮಗೆ?"

ಒಂದು ಗಂಟೆಯ ನಂತರ ಭರತನ ಫೋನ್ ಬಂತು. ಜಯಮ್ಮ ಇನ್ನೂ ನಮ್ಮ ಮನೆಯಲ್ಲೇ ಕಾಫಿ ಲೋಟ ಹಿಡಿದು ಕೂತಿದ್ದರು. ಹುಡುಗನ ದನಿ ನಮಗೂ ಕೇಳುತ್ತಿತ್ತು. "ಅಮ್ಮ, ನೋಡಿದ್ಯಾ?"

"ನೋಡ್ದೆ ಕಣಪ್ಪ."

"ಕೊನೇದು ಫೌಲ್ ಆಗ್ಹೋಯ್ತಮ್ಮ."

"ಆಗ್ಲಿ ಬಿಡು. ಎಷ್ಟು ದೂರ ಹೋಯ್ತು ಅಂತ ನಾನು ನೋಡಿದ್ನಲ್ಲ."

ರಾಯರು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟರು.

ಇಷ್ಟಕ್ಕೇ ಮುಗಿಸಿ ಎಲ್ಲ ತಪ್ಪನ್ನೂ ಆ ಕ್ಯಾಮೆರಾದವನ ತಲೆಗೆ ಕಟ್ಟಿ ನಾನು ಆರಾಮಾಗಿ ಇರಬಹುದಿತ್ತು. ಆದರೆ ನಿನ್ನೆ ಸಂಜೆ ಜಯಮ್ಮ ನಮ್ಮ ಗೇಟಿನ ಹತ್ತಿರ ಬಂದರು. ಅವರು ಯಾಕೆ ಬಂದರು ಅಂತ ಹೇಳಬೇಕಾದರೆ, ಹೇಳಲು ನಾಚಿಕೆಯಾಗುವ ಒಂದು ವಿಷಯ ಹೇಳಬೇಕು. ನಮ್ಮ ಮನೆ ಹಿಂದೆ ಒಂದು ಖಾಲಿ ಸೈಟಿದೆ. ಮೂರು ವರ್ಷದ ಹಿಂದೆ ಭರತ ದಿನಾ ಬೆಳಿಗ್ಗೆ ಅಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದ. ಧಬ್, ಧಬ್ ಅಂತ ಸದ್ದು. ನಾನು ಅಂಕಣ ಬರೆಯುವ ಹೊತ್ತು. ಮಾಲೀಕರಿಗೆ ಫೋನ್ ಮಾಡಿ ದೂರು ಹೇಳಿ ಗೇಟಿಗೆ ಬೀಗ ಹಾಕಿಸಿದವನು ನಾನೇ. ಅವರು ಒಂದು ಕೀಯನ್ನು ನನ್ನ ಹತ್ತಿರವೇ ಬಿಟ್ಟಿದ್ದಾರೆ. ಅವತ್ತಿನಿಂದ ಹುಡುಗ ಐದು ಗಂಟೆಗೇ ಎದ್ದು, ಬಸ್ಸು ಹಿಡಿದು, ಮತ್ತಿಕೆರೆ ಆಚೆಯ ಯಾವುದೋ ಗ್ರೌಂಡಿಗೆ ಹೋಗುತ್ತಿದ್ದ. ಬ್ಯಾಗಿನಲ್ಲಿ ಆ ಗುಂಡು.

ಜಯಮ್ಮನಿಗೆ ಇದೆಲ್ಲ ಗೊತ್ತಿತ್ತು. ಮೂರು ವರ್ಷದಿಂದಲೂ ಗೊತ್ತಿತ್ತು. ದನಿಯಲ್ಲಿ ಒಂದು ಚೂರು ಸಿಟ್ಟಿಲ್ಲದೆ ಕೇಳಿದರು.

"ಭರತ ಬಂದಿದಾನೆ ಸಾರ್. ಈ ಭಾನುವಾರ ಅಂಗಡೀಲಿ ರಜ ಕೇಳ್ಕೊಂಡಿದೀನಿ. ಆ ಸೈಟ್ ಕೀ ಕೊಟ್ರೆ, ಅವ್ನು ನನ್ನ ಮುಂದೆ ಎಸೀತಾನಂತೆ. ಸದ್ದಾಗುತ್ತೆ, ಆದ್ರೆ ಒಂದೇ ಸಲ. ಪರವಾಗಿಲ್ವಾ ಸಾರ್?"