ಮುದ್ರೆ ಸಾಹೇಬರು

ನಮ್ಮ ಮುದ್ರೆ ಸಾಹೇಬರ ಜೇಬಿನಲ್ಲಿ ಕರ್ಚೀಫು ಇಲ್ಲದಿದ್ದರೂ ಸ್ಟೀಲಿನ ಸ್ಕೇಲು ಇದ್ದೇ ಇರುತ್ತದೆ. ತರಬೇತಿ ಕೇಂದ್ರಗಳು ಮಾನ್ಯತೆಯ ಮುದ್ರೆಯನ್ನು ನಿಯಮದಂತೆ ಬಳಸುತ್ತಿವೆಯೇ ಎಂದು ನೋಡುವುದು ಅವರ ಕೆಲಸ. ಬಾಗಿಲು ದಾಟಿದವರೇ ನಮಸ್ಕಾರಕ್ಕೂ ಮುಂಚೆ ಬೋರ್ಡಿನ ಮೇಲಿನ ಮುದ್ರೆಗೆ ಸ್ಕೇಲು ಹಿಡಿಯುತ್ತಾರೆ. "ಸುತ್ತ ಐದು ಮಿಲಿಮೀಟರ್ ಖಾಲಿ ಬಿಡ್ಬೇಕು ಅಂತ ಗೊತ್ತಿಲ್ವೇನ್ರೀ? ಈ ನೀಲಿ ಯಾಕೆ ಇಷ್ಟು ಪೇಲವ?" ಪಾಠದ ಮಾತೆತ್ತಿದರೆ, "ಅದು ನನ್ನ ಫಾರಂನಲ್ಲಿಲ್ಲ" ಎಂದು ಮುಖ ತಿರುಗಿಸುತ್ತಾರೆ. ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನೂ ಅದರ ಮೇಲಿನ ಗುರುತು ಅಳೆಯದೆ ಹೆಂಡತಿಗೆ ಬಿಚ್ಚಲು ಬಿಡುವುದಿಲ್ಲವಂತೆ. ಒಮ್ಮೆ ಒಂದು ಕೇಂದ್ರದ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕಲಿಯುವವರೆಲ್ಲ ಅಭ್ಯಾಸದ ಬೊಂಬೆಯ ಎದೆ ಒತ್ತುವ ಬದಲು ಹೊಟ್ಟೆಯನ್ನು ಹಿಟ್ಟಿನಂತೆ ನಾದುತ್ತಿದ್ದರು. ಇವರು ಬಗ್ಗಿ, ಬೊಂಬೆಯ ಅಂಗಿಯ ಮೇಲಿದ್ದ ಮುದ್ರೆಯನ್ನು ಅಳೆದು, "ಎಲ್ಲವೂ ಸರಿಯಾಗಿದೆ" ಎಂದು ಬರೆದು ಬಂದರು. ಹೋದ ವಾರ ಅದೇ ಕೇಂದ್ರದ ಮೂರು ಮಹಡಿ ಹತ್ತಿ, ಎದೆ ಹಿಡಿದುಕೊಂಡು ಕುಸಿದರು. ಆ ತರಗತಿಯಲ್ಲಿ ಪ್ರಮಾಣಪತ್ರ ಪಡೆದ ಹದಿನೈದು ಮಂದಿ ಸುತ್ತ ನೆರೆದರು. ಸಾಹೇಬರು ತಮ್ಮ ಜೀವಮಾನದಲ್ಲೇ ಮೊದಲ ಸಲ ಪಾಠದ ಬಗ್ಗೆ ಪ್ರಶ್ನೆ ಕೇಳಿದರು: "ಸರಿಯಾಗಿ ಕಲಿತೋರು ಯಾರಾದ್ರೂ ಇದ್ದೀರೇನಪ್ಪಾ?" "ಎಲ್ರೂ ಕಲ್ತಿದ್ದೀವಿ ಸಾರ್, ನೀವೇ ನೋಡಿದ್ರಲ್ಲ" ಎನ್ನುತ್ತ ಒಬ್ಬಾಕೆ ಮಂಡಿಯೂರಿ, ಅಂಗಿಯ ತೋಳು ಮೇಲೆ ಮಡಚಿ, ಅವರ ಹೊಟ್ಟೆ ನಾದತೊಡಗಿದಳು.