ಧಾರೆಯ ಹೊತ್ತಿಗೆ ಕ್ಯಾಮೆರಾದ ಫ್ಯಾನ್

ಬೆಳುವಾಯಿಯ ಒಂದು ಮದುವೆಯಲ್ಲಿ ವಿಡಿಯೋ ನನ್ನದು. ರಜೆ ಸಿಗದ ವಧುವಿನ ಅಣ್ಣ ದುಬೈಯಲ್ಲಿ ಕುಳಿತು ಲೈವ್ ನೋಡುತ್ತಿದ್ದ. ಕ್ಯಾಮೆರಾದೊಳಗಿನ ಫ್ಯಾನಿನ ಸದ್ದು ಮಂತ್ರಕ್ಕೆ ಬೆರೆಯದಿರಲೆಂದು ಮಹಾಜಾಣನಾದ ನಾನು ಅದನ್ನು ಆಫ್ ಮಾಡಿದ್ದೆ. ಧಾರೆಗೆ ಎರಡು ನಿಮಿಷ ಇರುವಾಗ ಪರದೆಯಲ್ಲಿ ಬಿಸಿಯ ಎಚ್ಚರಿಕೆ ಮಿನುಗಿತು. ಕ್ಯಾಮೆರಾ ನಿಂತರೆ ಅವನಿಗೆ ತಂಗಿಯ ಧಾರೆಯೇ ಕಾಣದು. ಫ್ಯಾನನ್ನು ಪೂರ್ತಿ ಜೋರು ಮಾಡಿದೆ.

"ಎಂತ ಮಾರಾಯ ಇದು ಗುಂಯ್ ಅಂತ?" ಎಂದರು ಪಕ್ಕದಲ್ಲಿದ್ದ ವಧುವಿನ ಸೋದರಮಾವ.

"ನಿಮ್ಮ ಗೊರಕೆ ಮಾವ, ರೆಕಾರ್ಡ್ ಮಾಡಿಟ್ಟಿದ್ದೆ. ಈಗ ವಾಲಗ ಜೋರಾಗ್ತದೆ, ಯಾರಿಗೂ ಕೇಳುವುದಿಲ್ಲ."

ಹಾಗೆಯೇ ಆಯಿತು. ವಾಲಗದ ಅಬ್ಬರದಲ್ಲಿ ಫ್ಯಾನಿನ ಸದ್ದು ಮುಳುಗಿತು, ಕ್ಯಾಮೆರಾ ನಿಲ್ಲಲಿಲ್ಲ. ಊಟದ ಹೊತ್ತಿಗೆ ದುಬೈಯಿಂದ ಧ್ವನಿಸಂದೇಶ ಬಂತು: "ಧಾರೆಯ ನೀರು ಬಿದ್ದದ್ದೂ ಕಂಡಿತು. ಭಾರೀ ಲಾಯ್ಕ ಮಾಡಿದೆ ಮಾರಾಯ."

ಮನೆಗೆ ಮರಳುವಾಗ ಆ ಗದ್ಗದ ದನಿಯನ್ನು ಬಂಟ್ವಾಳದವರೆಗೂ ಒಬ್ಬನೇ ಅಣಕಿಸುತ್ತ ಹೋದೆ, ಹೊಗಳಿಕೆಯನ್ನು ಮಾತ್ರ ಸ್ವಲ್ಪ ಉದ್ದ ಮಾಡಿ.